ದೊಡ್ಡಬೀರಯ್ಯನ ಖಾಸಗಿ ಕೆಲಸ

ದೊಡ್ಡಬೀರಯ್ಯ ಹೆಂಡತಿಯ ಕೂದಲನ್ನು ಮೂರು ಪಾಲು ಮಾಡಿ, ಎಡಗಡೆಯದನ್ನು ನಡುವಿನದರ ಮೇಲೆ ದಾಟಿಸುತ್ತಿದ್ದ ಹೊತ್ತಿಗೆ ತಲೆಯ ಮೇಲೆ ಹೆಜ್ಜೇನು ಎದ್ದ ಹಾಗೆ ಸದ್ದಾಯಿತು. ಕತ್ತೆತ್ತಿ ನೋಡಿದ. ಹೆಜ್ಜೇನಲ್ಲ. ಆರು ಕಾಲು ಚಾಚಿಕೊಂಡ ಕಪ್ಪು ಯಂತ್ರವೊಂದು ತೆಂಗಿನಮರದ ಎತ್ತರದಲ್ಲಿ, ಸರಿಯಾಗಿ ಅವನ ತಾರಸಿಯ ಮೇಲೇ ನಿಂತಿತ್ತು. ಅದರ ಹೊಟ್ಟೆಯ ಕೆಳಗೆ ಪುಟ್ಟ ದೀಪವೊಂದು ಮಿಣುಕಿತು, ನಂದಿತು, ಮತ್ತೆ ಮಿಣುಕಿತು. ಯಾರೋ ಕಣ್ಣು ಹೊಡೆದಂತಿತ್ತು.

"ಅಯ್ಯೋ, ಡ್ರೋನು!" ಎಂದ. ಕೈಯಲ್ಲಿ ಜಡೆ. ಬಿಟ್ಟರೆ ಬಿಚ್ಚಿಹೋಗುತ್ತದೆ, ಹಿಡಿದರೆ ಮಾನ ಹೋಗುತ್ತದೆ. ಏನು ಮಾಡಲೂ ತೋಚದೆ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಹಾಗೇ ಕಲ್ಲಾಗಿ ಕೂತ. ಯಂತ್ರ ಇನ್ನೊಂದು ಗಳಿಗೆ ಅವನನ್ನೇ ದಿಟ್ಟಿಸಿ, ಓರೆಯಾಗಿ ವಾಲಿ, ಬೀದಿಯ ಮನೆಗಳ ಮೇಲೇ ಹಾದು ಕೆರೆ ಕಡೆ ಹೋಯಿತು.

"ಏನದು ಸದ್ದು?" ಎಂದಳು ವೀರಮ್ಮ, ತಲೆ ಬಗ್ಗಿಸಿಕೊಂಡೇ.

"ನಮ್ಮ ಸಾವು ಕಣಮ್ಮಿ," ಎಂದ ದೊಡ್ಡಬೀರಯ್ಯ.

ಬಿಳಿಕೆರೆಯಿಂದ ಒಳಕ್ಕೆ ಸಿಗುವ ಆ ಹಳ್ಳಿಯಲ್ಲಿ ದೊಡ್ಡಬೀರಯ್ಯ ಅಂದರೆ ಒಂದು ಮೀಸೆ, ಒಂದು ಗಂಟಲು. ಜಗಲಿಯ ಮೇಲೆ ಕೂತೇ ಕೆರೆಯ ಆಚೆ ದಡದ ಎಮ್ಮೆಯನ್ನು ಮನೆಗೆ ಕರೆಯಬಲ್ಲವನು. ಹಾಲಿನ ಡೇರಿಗೆ ಅಧ್ಯಕ್ಷ. ಹೆಂಡತಿಯನ್ನು ಬೀದಿಗೆ ಕೇಳುವಂತೆ ಗದರಿದರೆ ಮಾತ್ರ ಸಂಸಾರ ನೆಟ್ಟಗಿರುತ್ತದೆ ಎಂದು ನಂಬಿದವನು, ಅಥವಾ ನಂಬಿದ್ದೇನೆಂದು ಎಲ್ಲರನ್ನೂ ನಂಬಿಸಿದವನು. ಡೇರಿ ಸಭೆಯಲ್ಲಿ ಶಂಕರ ಎಂಬುವನು ಹೆಂಡತಿಗೆ ಬಾಣಂತನವಾಗಿದೆ, ಮನೆಗೆ ನೀರು ಹೊತ್ತು ಹಾಕಿ ಬರುವುದರಲ್ಲಿ ತಡವಾಯಿತು ಅಂದದ್ದಕ್ಕೆ, "ಸೀರೆ ಒಂದು ಉಟ್ಕಂಡು ಬಾರ್ಲಾ" ಎಂದಿದ್ದ. ಅಂದಿನಿಂದ ಶಂಕರನಿಗೆ ಊರು ಇಟ್ಟ ಹೆಸರು ಬಿಂದಿಗೆ ಶಂಕರ. ಆ ಹೆಸರು ಅವನ ಮಗಳ ಮದುವೆ ಪತ್ರಿಕೆಯಲ್ಲೂ ಅಚ್ಚಾಗಬಹುದೆಂದು ಜನ ಆಡಿಕೊಳ್ಳುತ್ತಿದ್ದರು.

ಇಂಥ ದೊಡ್ಡಬೀರಯ್ಯನ ಕೈಗೆ ಜಡೆ ಬಂದದ್ದು ಹೋದ ವರ್ಷ. ವೀರಮ್ಮ ಕೊಟ್ಟಿಗೆಯ ಮೆಟ್ಟಿಲಲ್ಲಿ ಜಾರಿ ಬಿದ್ದು, ಬಲಭುಜ ಮೇಲಕ್ಕೆ ಏಳದಾಯಿತು. ಮೊದಮೊದಲು ಎದುರು ಮನೆಯ ಸಣ್ಣತಾಯಮ್ಮ ಬಂದು ತಲೆ ಬಾಚಿಕೊಡುತ್ತಿದ್ದಳು. ಒಂದು ಸಿಕ್ಕು ಬಿಡಿಸುವುದರೊಳಗೆ ಮನೆಯ ಒಂದು ಸುದ್ದಿಯನ್ನೂ ಬಿಡಿಸಿಕೊಂಡು ಹೋಗುತ್ತಿದ್ದಳು. ಮೈಸೂರಿನಲ್ಲಿ ಓದುತ್ತಿದ್ದ ಮಗಳಿಗೆ ಬಂದ ಗಂಡಿನ ವಿಚಾರ ತನಗೆ ತಿಳಿಯುವ ಮೊದಲು ಅರಳಿಕಟ್ಟೆಗೆ ತಿಳಿದಾಗ ದೊಡ್ಡಬೀರಯ್ಯ ಗುಡುಗಿದ: "ನಾಳಿಂದ ಅವಳು ಬರದು ಬ್ಯಾಡ!" "ಅಂಗಾರೆ ನನ್ನ ತಲೆ ಯಾರು ಬಾಚಾರು?" ಎಂದಳು ವೀರಮ್ಮ. "ನಾನೇ ಬಾಚ್ತೀನಿ!" ಎಂದುಬಿಟ್ಟ. ಕೋಪದಲ್ಲಿ ಆಡಿದ ಮಾತು, ಹಿಂದಕ್ಕೆ ತೆಗೆದುಕೊಳ್ಳಲು ಮೀಸೆ ಅಡ್ಡ ಬಂತು.

ಮೊದಲ ದಿನ ಹಾಕಿದ ಜಡೆ, ಬೇಯಿಸಲು ಹೊಗೆಸೊಪ್ಪಿನ ಎಲೆಗಳನ್ನು ಸಾಲಾಗಿ ಕಟ್ಟಿ ನೇತುಹಾಕಿದ ಕಡ್ಡಿಯಂತೆ ಇತ್ತು. ಆಮೇಲೆ ಕೈ ಪಳಗಿತು. ತಾರಸಿಯ ಬಾಗಿಲು ಹಾಕಿಕೊಂಡು, ನೀರಿನ ಟ್ಯಾಂಕಿನ ಮರೆಯಲ್ಲಿ, ದಿನವೂ ಅವನು ಸದ್ದಿಲ್ಲದೆ ಕೂರುವ ಹೊತ್ತು ಅದೊಂದೇ. ವೀರಮ್ಮ ಅದೂ ಇದೂ ಹೇಳುವಳು, ಇವನು ಹೂಂಗುಟ್ಟುವನು. ಆ ಹೊತ್ತು ಅವನಿಗೆ ಎಷ್ಟು ಬೇಕಾಗಿತ್ತೆಂಬುದನ್ನು ಯಾರಿಗೂ ಹೇಳಿರಲಿಲ್ಲ. ತನಗೂ ಹೇಳಿಕೊಂಡಿರಲಿಲ್ಲ.

ಈಗ ಅದೆಲ್ಲ ವಿಡಿಯೋ ಆಗಿಹೋಯಿತು.

ಅಂಗಿ ಸಿಕ್ಕಿಸಿಕೊಂಡು ಬೀದಿಗೆ ಓಡಿದ. ಡ್ರೋನು ಹೋದ ದಿಕ್ಕಿಗೆ ನೋಡಿದರೆ ಆಕಾಶ ಬರಿದು. ಆದರೆ ಬೀದಿಯಲ್ಲಿ ಯಾರ ಕೈ ನೋಡಿದರೂ ಫೋನು. ಅಂಗಡಿಯ ಹುಡುಗಿ ಫೋನು ನೋಡಿ ಕಿಸಕ್ಕೆಂದಳು. ಇಬ್ಬರು ಹೈಕಳು ಒಂದೇ ಫೋನಿಗೆ ಹಣೆ ಕೊಟ್ಟು ನಗುತ್ತಿದ್ದರು. ದೊಡ್ಡಬೀರಯ್ಯ ಅಂಗಿಯ ಗುಂಡಿ ಹಾಕುವುದನ್ನೂ ಮರೆತ. ಬಂತು. ಆಗಲೇ ಬಂದುಬಿಟ್ಟಿತು.

ಅರಳಿಕಟ್ಟೆಯ ಹತ್ತಿರ ಆಟೊ ನಿಲ್ಲಿಸಿಕೊಂಡಿದ್ದ ಮಕ್ಬೂಲ್ ದೂರದಿಂದಲೇ ಕೈ ಬೀಸಿದ. ಬಿಳಿಕೆರೆಗೂ ಊರಿಗೂ ದಿನವೆಲ್ಲ ಆಟೊ ಓಡಿಸುವವನು, ದೊಡ್ಡಬೀರಯ್ಯನಿಗೆ ಬಹಳ ವರ್ಷದ ಗೆಳೆಯ.

"ಬನ್ನಿ ಬೀರಣ್ಣ, ವಿಡಿಯೋ ನೋಡುದ್ರಾ? ಈಗ್ತಾನೆ ಬಂತು."

"ಎ... ಎಂಥ ವಿಡಿಯೋ?"

"ತಾರಸಿ ಮ್ಯಾಲಿಂದ ತೆಗ್ದವ್ರೆ. ಏನ್ ಗಾತ್ರ ಅಂತೀರಿ! ಹಾಡಹಗಲು, ಯಾರಾರ ನೋಡಾರು ಅನ್ನೋ ಗ್ಯಾನಾನೂ ಇಲ್ಲ. ಎಷ್ಟು ನಾಜೂಕಾಗಿ ಒಂದೊಂದೇ ಎಳೆ ಬುಡುಸ್ತಾ ಕುಂತದೆ ನೋಡಿ."

ಕುಂತದೆ! ಮೂವತ್ತು ವರ್ಷದ ಸ್ನೇಹಿತ, ಏಕವಚನವೂ ಅಲ್ಲ, ದನಕರುವಿಗೆ ಆಡುವ ಮಾತಿನಲ್ಲಿ ಕುಂತದೆ ಅಂದ. ದೊಡ್ಡಬೀರಯ್ಯ ಫೋನಿನತ್ತ ಕೈ ಚಾಚಿದ.

"ಅಳಿಸ್ಲಾ! ಈಗ್ಲೇ ಅಳಿಸು! ನನ್ನ ಎಂಡ್ತಿ ಮುಖಾನೂ ಕಾಣ್ತದಾ?"

ಕೆರೆಯ ಆಚೆ ಎಮ್ಮೆ ತಲೆಯೆತ್ತಿತು. ಕಟ್ಟೆಯ ಮೇಲಿದ್ದವರೆಲ್ಲ ಮಾತು ನಿಲ್ಲಿಸಿದರು. ಮಕ್ಬೂಲ್ ತಬ್ಬಿಬ್ಬಾಗಿ ಫೋನನ್ನು ಅವನ ಕಡೆ ತಿರುಗಿಸಿದ.

"ಅಕ್ಕ ಯಾಕ್ ಕಾಣ್ತಾರಣ್ಣ? ಇದು ಎಚ್.ಡಿ. ಕೋಟೆ ಕಡೆ ಆನೆ. ಬಾಳೆ ತೋಟಕ್ಕೆ ನುಗ್ಗಿ ದಿಂಡು ಬುಡುಸ್ಕಂಡು ತಿಂತಾ ಅದೆ."

ಆನೆ ನಿಜಕ್ಕೂ ನಾಜೂಕಾಗಿಯೇ ಬಿಡಿಸುತ್ತಿತ್ತು. ದೊಡ್ಡಬೀರಯ್ಯ ಅದನ್ನು ನೋಡಿ ನಗಲು ಯತ್ನಿಸಿದ. ಮುಖ ಮಾತು ಕೇಳಲಿಲ್ಲ.

"ಅಣ್ಣ, ಎಂಡ್ತಿ ವಿಡಿಯೋ ಅಂದ್ರೆ ಏನು?" ಎಂದು ಕಟ್ಟೆಯಿಂದ ಇಳಿದವನು ಚೇತನ್‌ಕುಮಾರ್. ಲಾಯರಾಗಲು ಮೈಸೂರಿಗೆ ಹೋಗಿ, ಎರಡನೇ ವರ್ಷಕ್ಕೇ ಊರಿಗೆ ಮರಳಿ ಕೋಳಿ ಫಾರಂ ಇಟ್ಟವನು. ಅರ್ಧ ಕಲಿತ ಕಾನೂನನ್ನು ಪೂರ್ತಿ ಊರಿಗೆ ಹಂಚುವುದು ಅವನ ಚಟ.

ಬಾಯಿ ಬಿಡಬಾರದೆಂದುಕೊಂಡೇ ದೊಡ್ಡಬೀರಯ್ಯ ಬಾಯಿ ಬಿಟ್ಟ. ಡ್ರೋನು ಬಂತು. ತಾರಸಿ ಮೇಲೆ ನಿಂತಿತು. ನಾನೂ ನನ್ನ ಹೆಂಡತಿಯೂ ಇದ್ದೆವು. ನೋಡಬಾರದ್ದನ್ನು ನೋಡಿಕೊಂಡು ಹೋಯಿತು.

"ನೋಡಬಾರದ್ದು ಅಂದ್ರೆ?"

"ನೋಡಬಾರದ್ದು ಅಂದ್ರೆ ಯೋಳಬಾರದ್ದು ಕಣ್ಲಾ!"

ಚೇತನ್‌ಕುಮಾರನ ಮುಖ ಹಬ್ಬದಂತಾಯಿತು. "ಗೊತ್ತಾಯ್ತು ಬುಡಣ್ಣ. ಭಾರತೀಯ ನ್ಯಾಯ ಸಂಹಿತೆ, ಎಪ್ಪತ್ತೇಳು. ಎಂಗಸು ಖಾಸಗಿ ಕೆಲಸದಲ್ಲಿ ಇರೋವಾಗ ಇಣುಕಿ ನೋಡುದ್ರೆ, ವಿಡಿಯೋ ಮಾಡುದ್ರೆ, ಮೊದಲನೇ ಸಲಕ್ಕೇ ಜೈಲು. ಐ.ಟಿ. ಆಕ್ಟ್ ಬೇರೆ ಸೇರ್ಕತದೆ. ನೀನು ಸುಮ್ನೆ ಇದ್ರೆ ಆ ವಿಡಿಯೋ ಸಾಯಂಕಾಲಕ್ಕೆ ದುಬೈಲಿ ಇರ್ತದೆ. ಕಂಪ್ಲೇಂಟ್ ಕೊಟ್ರೆ ಪೊಲೀಸ್ನೋರು ಡ್ರೋನ್ ಇಡ್ಕಂಡು ಅಳಿಸ್ತಾರೆ. ಯೋಚ್ನೆ ಮಾಡು."

ದೊಡ್ಡಬೀರಯ್ಯ ಯೋಚಿಸಿದ. ದುಬೈಯಲ್ಲಿ ಯಾರೋ ಕೂತು ತನ್ನ ಬಾಯಲ್ಲಿದ್ದ ಬಾಚಣಿಗೆಯನ್ನು ದೊಡ್ಡದು ಮಾಡಿ ನೋಡುತ್ತಿದ್ದಾರೆ.

"ಅಳಿಸ್ತಾರಾ? ಖಂಡಿತ?"

"ಕಾನೂನಣ್ಣ!"

ಅವನು ಮನೆಗೆ ಹೋಗಿ ಪಂಚೆ ಬದಲಿಸಿ ಬರುವಷ್ಟರಲ್ಲಿ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ದಪ್ಪಗಾಗಿ ಮರಳಿ ಬಂದಿತ್ತು. ಸಣ್ಣತಾಯಮ್ಮ ಕೆನ್ನೆಗೆ ಕೈಯಿಟ್ಟುಕೊಂಡು ಹೆಂಗಸರ ನಡುವೆ ನಿಂತಿದ್ದಳು. "ಈ ವಯಸ್ನಾಗೆ! ಅದೂ ತಾರಸಿ ಮ್ಯಾಲೆ! ಬಿಸ್ಲು ಬೇರೆ ಎಂಗದೆ ನೋಡ್ರವ್ವ." ಅವರೆಲ್ಲ ವೀರಮ್ಮನನ್ನು ಹೊಸ ಮರ್ಯಾದೆಯಿಂದ ನೋಡಿದರು. ವೀರಮ್ಮನಿಗೆ ಏನೊಂದೂ ತಿಳಿಯದು. "ಠಾಣೆಗೆ ನಡಿ, ಸಾಕ್ಷಿ ಯೋಳ್ಬೇಕು" ಎಂದು ಗಂಡ ಹೇಳಿದ್ದ. ಸೆರಗು ಹೊದ್ದು ಬಂದು ಆಟೊದಲ್ಲಿ ಕೂತಳು.

ವಿಚಿತ್ರವೆಂದರೆ, ಡ್ರೋನಿನ ಭಾಗ್ಯ ತಮಗೆ ತಪ್ಪಿಹೋಯಿತೆಂದು ಒಪ್ಪಿಕೊಳ್ಳಲು ಯಾರೂ ತಯಾರಿರಲಿಲ್ಲ.

"ನಮ್ಮ ಇತ್ಲ ಮ್ಯಾಲೂ ಬಂದಿತ್ತು ಕಣ್ರವ್ವ. ನಾನೇ ಕಂಡೆ," ಎಂದಳು ಸಣ್ಣತಾಯಮ್ಮ.

"ನಮ್ಮ ಕೋಳಿ ಫಾರಂ ಮೇಲೆ ಎರಡು ಸುತ್ತು," ಎಂದ ಚೇತನ್‌ಕುಮಾರ್.

"ನಮ್ಮ ಉಣ್ಸೆ ಮರದತ್ರ ಭಾಳ ಹೊತ್ತು ನಿಂತಿತ್ತು," ಎಂದ ಚಿಕ್ಕಮಾದಯ್ಯ. ಹೋದ ಸುಗ್ಗಿಯಲ್ಲಿ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡು, ಅಂದಿನಿಂದ ಊರುಗೋಲಿನ ಮೇಲೆ ಬದುಕುತ್ತಿರುವ ಮುದುಕ. ಅವನ ಹೊಲವನ್ನು ತಮ್ಮನ ಮಕ್ಕಳು ಉತ್ತುಕೊಡುತ್ತಿದ್ದರು, ಅನ್ನವನ್ನು ತಮ್ಮನ ಸೊಸೆ ತಂದಿಡುತ್ತಿದ್ದಳು.

ಎಲ್ಲರೂ ಸಾಕ್ಷಿಗಳೇ. ಎಲ್ಲರೂ ಹೊರಟರು. ಮುಂದೆ ಮಕ್ಬೂಲನ ಆಟೊ, ಹಿಂದೆ ಬೈಕುಗಳು, ಅದರ ಹಿಂದೆ ಹೆಂಗಸರು ತುಂಬಿದ ಟ್ರ್ಯಾಕ್ಟರು. ಆಟೊದೊಳಗೆ ದೊಡ್ಡಬೀರಯ್ಯ ಮದುವೆ ದಿಬ್ಬಣದಲ್ಲಿ ಬಲಿಗೆ ಹೊರಟ ಕುರಿಯಂತೆ ಕೂತಿದ್ದ.

"ಅಣ್ಣ," ಎಂದ ಮಕ್ಬೂಲ್ ಮೆಲ್ಲಗೆ, ಕನ್ನಡಿಯಲ್ಲಿ ನೋಡುತ್ತ. "ಈಗ್ಲೂ ಆಟೊ ತಿರುಗುಸ್ಬೋದು. ನೀವು ಯೋಳ್ದೆ ಇದ್ರೆ ಯಾರ್ಗೂ ಗೊತ್ತಾಗಕಿಲ್ಲ."

"ವಿಡಿಯೋ ಅದೆ ಕಣ್ಲಾ," ಎಂದ ದೊಡ್ಡಬೀರಯ್ಯ.

ಠಾಣೆಯ ಎಸ್.ಐ. ಶೃತಿ ಮೇಡಂ ಚಿಕ್ಕ ವಯಸ್ಸಿನವರು, ಮಾತು ಕಮ್ಮಿ. ಗುಂಪನ್ನು ಹೊರಗೆ ನಿಲ್ಲಿಸಿ ಗಂಡಹೆಂಡಿರನ್ನು ಮಾತ್ರ ಒಳಗೆ ಕರೆದರು. ವೀರಮ್ಮನಿಗೆ ಕುರ್ಚಿ ಕೊಟ್ಟು ನೀರು ತರಿಸಿದರು. ದೊಡ್ಡಬೀರಯ್ಯ ಹೇಳಿದ್ದನ್ನು ಪೂರ್ತಿ ಕೇಳಿದರು.

"ಇದು ಸಣ್ಣ ವಿಚಾರ ಅಲ್ಲ," ಎಂದರು. "ಯಾರ ಮನೆ ಮೇಲೂ ಕ್ಯಾಮೆರಾ ಹಾರಿಸೋಕೆ ಯಾರಿಗೂ ಹಕ್ಕಿಲ್ಲ. ಡ್ರೋನ್ ಯಾರದ್ದು ಅಂತ ಹುಡುಕೋಕೆ ಜನ ಕಳಿಸ್ತೀನಿ. ಆದ್ರೆ ಸರಿಯಾದ ಸೆಕ್ಷನ್ ಹಾಕ್ಬೇಕು ಅಂದ್ರೆ ನನಗೆ ವಿಷಯ ಗೊತ್ತಿರ್ಬೇಕು. ಆ ಹೊತ್ನಲ್ಲಿ ನಿಮ್ಮ ಮನೆಯವರು ಏನ್ ಮಾಡ್ತಿದ್ರು? ಸ್ನಾನ?"

"ಅಲ್ಲ ಮೇಡಂ."

"ಬಟ್ಟೆ ಬದಲಾಯಿಸ್ತಿದ್ರಾ?"

"ಅಲ್ಲ ಮೇಡಂ."

ಮೇಡಂ ಪೆನ್ನು ಕೆಳಗಿಟ್ಟರು. ದನಿ ತಗ್ಗಿಸಿದರು. "ನೀವಿಬ್ರೂ ಗಂಡಹೆಂಡ್ತಿ. ನಾಚಿಕೆ ಬೇಡ."

"ಅಯ್ಯೋ, ಅದೂ ಅಲ್ಲ ಮೇಡಂ! ಅದಾಗಿದ್ರೆ ಯೋಳ್ಕಬೋದಾಗಿತ್ತು. ಇದು ಅದಕ್ಕಿಂತ ಮರ್ವಾದೆ ಓಗೋವಂಥದ್ದು."

ಪಕ್ಕದ ಮೇಜಿನಲ್ಲಿ ದೂರು ಬರೆದುಕೊಳ್ಳುತ್ತಿದ್ದ ರೈಟರ್ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಮೇಡಂ ವೀರಮ್ಮನ ಕಡೆ ನೋಡಿದರು. ವೀರಮ್ಮ ಗಂಡನ ಕಡೆ ನೋಡಿದಳು. ಅವಳ ಹಣೆಯ ಮೇಲೆ ಆಗ ಮೂಡಿದ ಗೆರೆಯನ್ನು ದೊಡ್ಡಬೀರಯ್ಯ ಗಮನಿಸಲಿಲ್ಲ.

"ಸರಿ, ಆಮೇಲೆ ಹೇಳಿ. ಡ್ರೋನ್ ಬರ್ಲಿ," ಎಂದು ಮೇಡಂ ಎದ್ದರು. ಅವನನ್ನು ಮೂಲೆಯ ಬೆಂಚಿನಲ್ಲಿ ಕೂರಿಸಿ ಬಾಗಿಲಿಗೆ ಹೋಗಿ ಹೊರಗಿದ್ದವರಿಗೆ ಕೇಳಿಸುವಂತೆ ಹೇಳಿದರು: "ನಿಮ್ಮ ಮನೆಗಳ ಮೇಲೂ ಹಾರ್ತು ಅಂತ ಎಲ್ರೂ ಹೇಳ್ತಿದೀರಂತೆ. ಒಳ್ಳೇದಾಯ್ತು. ಡ್ರೋನ್ ಸಿಕ್ಕಿದ ಮೇಲೆ ಮೊದಲಿಂದ ಕೊನೇವರೆಗೂ ವಿಡಿಯೋ ನೋಡ್ತೀವಿ. ಒಂದೊಂದು ಹಿತ್ತಿಲು, ಒಂದೊಂದು ತಾರಸಿ. ಏನೂ ಬಿಡಲ್ಲ. ಎಲ್ರೂ ಇಲ್ಲೇ ಇರಿ."

ಅಷ್ಟು ಹೊತ್ತೂ ಸಂತೆಯಂತಿದ್ದ ಗುಂಪು ಸತ್ತವರ ಮನೆಯ ಅಂಗಳವಾಯಿತು. ಕಿಟಕಿಯ ಸರಳಿನ ನಡುವೆ ದೊಡ್ಡಬೀರಯ್ಯನಿಗೆ ಅವರ ಮುಖ ಕಾಣುತ್ತಿತ್ತು. ಒಬ್ಬರು ಇನ್ನೊಬ್ಬರನ್ನು ನೋಡುತ್ತಿರಲಿಲ್ಲ. ಎಲ್ಲರೂ ಆಕಾಶ ನೋಡುತ್ತಿದ್ದರು.

ಮೊದಲು ಬಾಗಿಲಿಗೆ ಬಂದವಳು ಸಣ್ಣತಾಯಮ್ಮ. ಒಳಗೆ ಹೆಜ್ಜೆಯಿಡುತ್ತಲೇ ಕೈ ಮುಗಿದಳು.

"ಅವ್ವಾ ತಾಯಿ, ಒಂದು ಮಾತು. ಆ ವಿಡಿಯೋದಾಗೆ ನಮ್ಮ ಇತ್ಲು ಬತ್ತದಲ್ಲ, ಅದೊಂದು ತುಂಡು ಕಿತ್ತಾಕ್ಬುಡಿ. ಕ್ಯಾನ್ ತೊಳೀತಾ ಇದ್ದೆ. ನಲ್ಲಿ ನೀರು... ಅದಷ್ಟಕ್ಕೇ ಬಿದ್ದೋಯ್ತು. ಹಾಲಿಗೆ."

"ಒಂದು ದಿನವಾ?" ಎಂದರು ಮೇಡಂ.

"ದಿನಾ ಬೀಳ್ತದೆ ಕಣವ್ವ. ನಲ್ಲಿ ಕೆಟ್ಟೋಗದೆ."

ಡೇರಿ ಅಧ್ಯಕ್ಷನಿಗೆ ಕಿವಿ ಮುಚ್ಚಿಕೊಳ್ಳಬೇಕೋ ತೆರೆಯಬೇಕೋ ತಿಳಿಯಲಿಲ್ಲ. ಸಣ್ಣತಾಯಮ್ಮ ತಿರುಗಿದವಳು ಬೆಂಚಿನ ಮೇಲಿದ್ದ ಅವನನ್ನು ಕಂಡು, ಕಣ್ಣು ಅಗಲಿಸಿ, ಸೆರಗು ಬಾಯಿಗಿಟ್ಟುಕೊಂಡು ಓಡಿದಳು.

ಆಮೇಲೆ ಚಿಕ್ಕಮಾದಯ್ಯ ಬಂದ. ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು, ಎರಡು ಕಾಲಿನಲ್ಲೂ ನೆಟ್ಟಗೆ ನಡೆದು ಬಂದ. "ತಾಯಿ, ಉಣ್ಸೆ ಮರ ಅತ್ತಿದ್ದೋನು ನಾನೇ. ಕಾಲು ವಾಸಿಯಾಗಿ ಬಾಳ ದಿನ ಆಯ್ತು. ಯೋಳದ್ಯಾಕೆ ಅಂತ ಸುಮ್ಗಿದ್ದೆ. ಆ ಸೊಸೆ ಮಾಡೋ ಉಪ್ಸಾರು... ಬುಡದು ಕಷ್ಟ ತಾಯಿ. ನನ್ನ ತಮ್ಮನ ಕಣ್ಗೆ ಬೀಳ್ದಂಗೆ ಮಾಡಿ, ನಿಮ್ಮ ಮಕ್ಳು ಚೆನ್ನಾಗಿರ್ಲಿ." ಅವನ ತಮ್ಮ ಆಗಲೇ ಬಾಗಿಲಲ್ಲಿ ನಿಂತು ಅಣ್ಣನ ಎರಡು ಕಾಲನ್ನೂ ನೋಡುತ್ತಿದ್ದ.

ಚೇತನ್‌ಕುಮಾರ್ ಹೆದರಿದವನಂತೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಮೇಡಂ, ಕಾನೂನು ಪ್ರಕಾರ, ನನ್ನ ಒಪ್ಪಿಗೆ ಇಲ್ಲದೆ ತೆಗೆದ ವಿಡಿಯೋ ನನ್ನ ಮೇಲೇ ಸಾಕ್ಷಿ ಆಗೋ ಹಂಗಿಲ್ಲ, ಅಲ್ವಾ?" ಎಂದ.

"ಯಾಕೆ? ನಿಮ್ಮ ಮೇಲೆ ಏನಿದೆ?"

"ಏನಿಲ್ಲ. ಕೋಳಿಮರಿಗೆ ಬಿಸಿ ಬೇಕು. ಬಲ್ಬು ಉರೀಬೇಕು. ಕಂಬದಿಂದ ಒಂದು ವೈರು... ಊಕ್ ಅಂತಾರಲ್ಲ... ಗಾಳಿಗೆ ಸಿಗಾಕ್ಕೊಂಡಿದ್ದಿರ್ಬೋದು."

ಮೇಡಂ ರೈಟರ್ ಕಡೆ ನೋಡಿದರು. ರೈಟರ್ ಆಗಲೇ ಬರೆಯುತ್ತಿದ್ದ.

ಹೀಗೆ ಬೀದಿಯ ಒಂದೊಂದು ಮನೆಯೂ ಸರದಿಯಲ್ಲಿ ಬಂದು, ತನ್ನ ಮಾಡು ತಾನೇ ಕಿತ್ತು ತೋರಿಸಿ ಹೋಯಿತು. ಮೂಲೆಯ ಬೆಂಚಿನಲ್ಲಿ ಕೂತ ದೊಡ್ಡಬೀರಯ್ಯ ಎಲ್ಲವನ್ನೂ ಕೇಳಿದ. ಕೇಳಿದಷ್ಟೂ ಅವನ ಭಯ ಹೆಚ್ಚಿತು. ಇವರೆಲ್ಲ ಇಷ್ಟು ಹೆದರಬೇಕಾದರೆ ಆ ಯಂತ್ರದ ಕಣ್ಣು ಎಷ್ಟು ಚೂಪಿರಬೇಡ! ಬಾಚಣಿಗೆಯ ಹಲ್ಲನ್ನೂ ಎಣಿಸಿರುತ್ತದೆ. ಈಗ ಅದನ್ನು ಠಾಣೆಯ ಗೋಡೆಯ ಮೇಲೆ ಓಡಿಸುತ್ತಾರೆ. ಬಿಂದಿಗೆ ಶಂಕರ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾನೆ.

ಹೊರಗೆ ಜೀಪು ಬಂದ ಸದ್ದಾಯಿತು. "ಡ್ರೋನ್ ಸಿಕ್ತು ಮೇಡಂ!" ಎಂದು ಪೇದೆ ಕೂಗಿದ.

ಅಷ್ಟೇ. ದೊಡ್ಡಬೀರಯ್ಯ ಬೆಂಚಿನಿಂದ ಎದ್ದ. ನುಗ್ಗಿಬಂದು ಮೇಡಂ ಮೇಜಿಗೆ ಎರಡೂ ಕೈಯೂರಿದ.

"ಯೋಳ್ಬುಡ್ತೀನಿ ಮೇಡಂ, ವಿಡಿಯೋ ಆಕಬ್ಯಾಡಿ! ನಾನು... ನಾನು ಅವಳ್ಗೆ..." ಮೆಲ್ಲಗೆ ಹೇಳಬೇಕೆಂದಿದ್ದ. ಆದರೆ ಅವನ ಗಂಟಲಿಗೆ ಮೆಲ್ಲಗೆ ಎಂಬುದೇ ಗೊತ್ತಿರಲಿಲ್ಲ. "ನಾನು ನನ್ನ ಎಂಡ್ತಿಗೆ ತಲೆ ಬಾಚಿ ಜಡೆ ಆಕ್ತಿದ್ದೆ! ದಿನಾ ಆಕ್ತೀನಿ!"

ಠಾಣೆಯ ಹೊರಗೆ, ಹೆದ್ದಾರಿಯ ಆಚೆ ಬಸ್ಸಿಗೆ ಕಾದಿದ್ದವರೂ ತಿರುಗಿ ನೋಡಿದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ವೀರಮ್ಮ ಕುರ್ಚಿಯಿಂದ ಎದ್ದಳು.

"ಇದಾ?" ಎಂದಳು. "ಇದಕ್ಕಾ ನನ್ನ ಟೇಸನ್ನಿಗೆ ಕರ್ಕಂಬಂದಿದ್ದು? ನಾನೂ ಬೆಳಿಗ್ಗೆಯಿಂದ ನೋಡ್ತಾ ಇವ್ನಿ, ಏನೋ ಅನಾಹುತ ಆಗೋಗದೆ ಅನ್ನೋವಂಗೆ ಬೆವರ್ತಾ ಅವ್ರೆ. ನನ್ನ ತಲೆ ಮುಟ್ಟದು ಮರ್ವಾದೆ ಓಗೋ ಕೆಲ್ಸವಾ?"

"ಅಂಗಲ್ಲ ಕಣಮ್ಮಿ..."

"ಅಳಿಸ್ಬೇಕಂತೆ! ಅದನ್ನ ಅಳಿಸ್ಬೇಕಂತೆ!" ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಾನು ಆ ಹೊತ್ಗೇ ದಿನವೆಲ್ಲ ಕಾಯ್ತಿದ್ದೆ. ಇನ್ಮೇಲೆ ನನ್ನ ತಲೆ ಮುಟ್ಬ್ಯಾಡಿ. ನಿಮ್ಮ ಮರ್ವಾದೆ ನೀವೇ ಮಡಿಕಳಿ."

ಅವನು ಏನೋ ಹೇಳಹೊರಟ.

ಆಗ ಒಳಗೆ ಬಂದವಳು ಇಪ್ಪತ್ತೈದರ ಆಸುಪಾಸಿನ ಹೆಂಗಸು. ಹೆಸರು ಪವಿತ್ರಾ, ಕೆ.ಆರ್. ನಗರದ ಕಡೆಯವಳು. ಅಲ್ಲಿನ ಸ್ತ್ರೀಶಕ್ತಿ ಸಂಘದಲ್ಲಿ ಡ್ರೋನು ಹಾರಿಸಲು ತರಬೇತಿ ಪಡೆದು ಸುತ್ತಿನ ಊರುಗಳಿಗೆಲ್ಲ ಹೋಗಿ ಕೆಲಸ ಮಾಡುತ್ತಿದ್ದಳು. ಅವಳ ಹಿಂದೆ ಇಬ್ಬರು ಪೇದೆಗಳು ಆರು ಕಾಲಿನ ಯಂತ್ರವನ್ನು ಹೊತ್ತು ತಂದು ನೆಲಕ್ಕಿಟ್ಟರು. ಬಾಗಿಲಿನಲ್ಲಿ ಇಡೀ ಬೀದಿ ಒಂದರ ಮೇಲೊಂದು ತಲೆಯಿಟ್ಟು ಇಣುಕಿತು.

"ಎಲ್ಲಿ ಇದರ ಕ್ಯಾಮೆರಾ?" ಎಂದರು ಮೇಡಂ.

"ಕ್ಯಾಮೆರಾ?" ಪವಿತ್ರಾ ಕಣ್ಣುಬಿಟ್ಟಳು. "ಇದು ಔಷಧಿ ಹೊಡೆಯೋ ಡ್ರೋನ್ ಮೇಡಂ. ಇದು ಟ್ಯಾಂಕು, ಇವು ಸ್ಪ್ರೇ ಮಾಡೋ ನಾಜಲ್ಲು. ನಮ್ಮ ಮಿಷನ್‌ನಲ್ಲಿ ಕ್ಯಾಮೆರಾ ಇಲ್ಲ. ಆ ಬೀದಿ ಮನೆಗಳ ಹಿಂದೆ ಮುಸುಕಿನ ಜೋಳಕ್ಕೆ ಹುಳು ಬಿದ್ದಿದೆ ಅಂತ ಹೊಡೀತಾ ಇದ್ದೆ. ಕರೆಂಟ್ ತಂತಿ ಅಡ್ಡ ಬಂತು, ಅದಕ್ಕೇ ಒಂದು ಗಳಿಗೆ ಅಲ್ಲೇ ನಿಲ್ಲಿಸಿ ಊರ ಮೇಲಿಂದ ಸುತ್ತಿಸಿದೆ."

"ಮತ್ತೆ ಆ ಮಿಣುಕಿದ್ದು?" ಎಂದ ದೊಡ್ಡಬೀರಯ್ಯ. ಅವನ ದನಿ ಅವನಿಗೇ ಕೇಳಿಸಲಿಲ್ಲ.

"ಬ್ಯಾಟರಿ ಕಮ್ಮಿಯಾದ್ರೆ ಉರಿಯುತ್ತೆ."

ಮೇಡಂ ಬಗ್ಗಿ ಯಂತ್ರವನ್ನು ಎಲ್ಲ ಕಡೆಯಿಂದ ನೋಡಿದರು. "ಮನೆಗಳ ಮೇಲೆ ಹಾರಿಸಿದ್ದು ತಪ್ಪು. ಇನ್ನೊಂದು ಸಲ ಆದ್ರೆ ಸುಮ್ನಿರಲ್ಲ," ಎಂದು ಪವಿತ್ರಾಳಿಗೆ ಗದರಿದರು. ಆಮೇಲೆ ಬಾಗಿಲಿನ ಕಡೆ ತಿರುಗಿದರು. "ಯಾವ ವಿಡಿಯೋನೂ ಇಲ್ಲ. ಯಾರನ್ನೂ ಯಾರೂ ನೋಡಿಲ್ಲ. ಎಲ್ರೂ ಮನೆಗೆ ಹೋಗಿ. ಚೇತನ್‌ಕುಮಾರ್, ನೀವು ಮಾತ್ರ ಇರಿ."

ಬಾಗಿಲಿನ ತಲೆಗಳು ಒಂದೂ ಅಲ್ಲಾಡಲಿಲ್ಲ. ಸಂಗತಿ ಅವರೊಳಗೆ ನಿಧಾನವಾಗಿ ಇಳಿಯುತ್ತಿತ್ತು, ಒಣಮಣ್ಣಿಗೆ ನೀರು ಇಳಿದ ಹಾಗೆ. ವಿಡಿಯೋ ಇಲ್ಲ. ಇರಲೇ ಇಲ್ಲ. ಹಾಲಿನ ನೀರು, ಹುಣಸೆಮರ, ಕಂಬದ ವೈರು, ಯಾವುದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಾವೇ ಬಂದು ಒಪ್ಪಿಸಿದರು. ಬಂದದ್ದು ಯಾರ ಮಾತು ಕೇಳಿ? ಒಂದೊಂದೇ ಕಣ್ಣು ಯಂತ್ರದಿಂದ ಎದ್ದು ದೊಡ್ಡಬೀರಯ್ಯನ ಮೇಲೆ ಬಂದು ನಿಂತಿತು. ಚಿಕ್ಕಮಾದಯ್ಯ ಊರುಗೋಲನ್ನು ಕಂಕುಳಿಂದ ತೆಗೆದು ಎರಡು ಕೈಯಲ್ಲೂ ಹಿಡಿದುಕೊಂಡ. ಈಗ ಅದು ನಡೆಯುವುದಕ್ಕಾಗಿ ಹಿಡಿದದ್ದಾಗಿರಲಿಲ್ಲ.

ಪೇದೆಗಳು ಗುಂಪನ್ನು ಅಂಗಳಕ್ಕೆ ಸರಿಸಿದರು. ಅಂಗಳದಿಂದಾಚೆಗೆ ಅದು ಸರಿಯಲಿಲ್ಲ. ವೀರಮ್ಮ ಯಾರ ಕಡೆಯೂ ನೋಡದೆ ನಡೆದು ಹೋಗಿ ಆಟೊದಲ್ಲಿ ಕೂತಳು. "ಮಕ್ಬೂಲಣ್ಣ, ನಡೀರಿ ಓಗವ," ಎಂದಳು.

ಮಕ್ಬೂಲ್ ಠಾಣೆಯ ಬಾಗಿಲಿನತ್ತ ಒಮ್ಮೆ ನೋಡಿದ. "ಅಣ್ಣ ಬರದು ಬ್ಯಾಡ್ವಾ ಅಕ್ಕ?"

"ಅವ್ರು ಮರ್ವಾದಸ್ತರು. ನಮ್ಜೊತೆ ಕೂರಾಕಿಲ್ಲ."

ಆಟೊ ಹೊರಟುಹೋಯಿತು.

"ನೀವೂ ಹೊರಡಿ," ಎಂದರು ಶೃತಿ ಮೇಡಂ. ಅವರ ಮುಖದಲ್ಲಿ ಬೆಳಗ್ಗೆಯಿಂದ ಮೊದಲ ಸಲ ಒಂದಿಷ್ಟು ಮೆತ್ತಗಿನದ್ದೇನೋ ಇತ್ತು. "ನಿಮ್ಮ ಖಾಸಗಿತನಕ್ಕೆ ಯಾವ ಧಕ್ಕೆಯೂ ಆಗಿಲ್ಲ ಅಂತ ಬರೆದು ಮುಗಿಸ್ತೀನಿ."

ದೊಡ್ಡಬೀರಯ್ಯ ಬಾಗಿಲವರೆಗೆ ಹೋದ. ಅಂಗಳದಲ್ಲಿ ಮಳೆಮರದ ಕೆಳಗೆ ಇಡೀ ಬೀದಿ ಅವನಿಗಾಗಿ ಕಾದು ನಿಂತಿತ್ತು. ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವನು ಹಾಗೇ ಹಿಂದಕ್ಕೆ ಹೆಜ್ಜೆಯಿಟ್ಟು ಮೇಜಿನ ಬಳಿ ಬಂದ.

"ಮೇಡಂ, ಒಂದು ಉಪಕಾರ ಮಾಡಿ. ನನ್ನ ಲಾಕಪ್ಪಿಗೆ ಆಕ್ಬುಡಿ."

"ಯಾವ ತಪ್ಪಿಗೆ?"

"ಯಾವುದಾರ ಇರ್ಲಿ ಮೇಡಂ, ಒಪ್ಕತೀನಿ. ಅಲ್ಲಿ ನಾಕು ಗೋಡೆ ಅದೆ, ಬಾಗ್ಲಿಗೆ ಬೀಗ ಅದೆ. ಯಾರೂ ನನ್ನ ನೋಡ್ದೆ ಇರೋ ಜಾಗ ಈ ಭೂಮಿ ಮ್ಯಾಲೆ ಅದೊಂದೇ ಉಳ್ದಿರದು."

ರೈಟರ್ ಕೆಮ್ಮಿದ. "ಯಜಮಾನ್ರೆ, ಲಾಕಪ್ಪಿನಲ್ಲೂ ಕ್ಯಾಮೆರಾ ಇದೆ. ಹಗಲೂ ರಾತ್ರಿ ಓಡ್ತಿರುತ್ತೆ."

"ಲಾಕಪ್ಪಿನಾಗಾ?"

"ಠಾಣೆ ತುಂಬಾ ಇವೆ. ಬಾಗಿಲಲ್ಲಿ, ಅಂಗಳದಲ್ಲಿ, ಇಗೋ ಈ ರೂಮಿನಲ್ಲೂ." ಅವನು ಪೆನ್ನಿನಿಂದ ಗೋಡೆಯ ಮೇಲ್ಮೂಲೆ ತೋರಿಸಿದ. ಅಲ್ಲಿ ಬಲ್ಬಿನಷ್ಟು ದಪ್ಪದ ಬಿಳಿ ಗುಂಡೊಂದು ಮೇಜಿನ ಕಡೆಗೇ ಮುಖ ಮಾಡಿತ್ತು. "ಮಾತೂ ಚೆನ್ನಾಗಿ ಬರುತ್ತೆ. ನಿಮ್ಮ ದನಿ ಅಂತೂ ಇನ್ನೂ ಚೆನ್ನಾಗಿ ಬಂದಿರುತ್ತೆ."

ದೊಡ್ಡಬೀರಯ್ಯ ಆ ಗುಂಡನ್ನು ನೋಡಿದ. ಕೈ ತಾನಾಗೇ ಮೀಸೆಯ ಮೇಲೆ ಹೋಗಿ ಅದನ್ನು ಮುಚ್ಚಿಕೊಂಡಿತು.

"ಅಳಿಸ್ಬುಡಿ ಮೇಡಂ," ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ."

ಶೃತಿ ಮೇಡಂ ನಿಟ್ಟುಸಿರು ಬಿಟ್ಟರು.

"ಅದನ್ನ ಅಳಿಸೋ ಹಾಗಿಲ್ಲ ಕಣ್ರೀ. ಕಾನೂನು."